ಕಾಗದದೊಳಗೆ ಹಂಡೆ ಇರಲಿಲ್ಲ

"ಸಣ್ಣಯ್ಯ, ಇದ್ರಾಗೆ ಹಂಡೆ ಎಲ್ಲೈತೆ, ತೋರ್ಸಿ."

ಮೂರು ವಾರದ ಹಿಂದೆ, ಒಂದು ಶನಿವಾರ ಬೆಳಿಗ್ಗೆ, ಸಾಗರದ ನನ್ನ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು ಬಂಗಾರಕ್ಕ ಆಡಿದ ಮೊದಲ ಮಾತು ಇದು. ಆರಾಮಿದೀರಾ ಎಂಬ ಮಾತಿಲ್ಲ, ಚಪ್ಪಲಿ ಬಿಡುವ ಯೋಚನೆಯೂ ಇಲ್ಲ. ಕೈಯಲ್ಲಿ ಒಂದು ತಂತಿ. ತಂತಿಯ ತುಂಬ ಕಾಗದ.

(ಪೇಟೆಯ ಓದುಗರಿಗಾಗಿ ಒಂದು ಮಾತು. ನಮ್ಮ ಹಳ್ಳಿಗಳಲ್ಲಿ ಬಂದ ಕಾಗದವನ್ನು ಎಸೆಯುವುದಿಲ್ಲ. ತುದಿ ಬಗ್ಗಿಸಿದ ತಂತಿಗೆ ಚುಚ್ಚಿ ಗೋಡೆಗೆ ನೇತುಹಾಕುತ್ತಾರೆ. ಸಾವಿನ ಸುದ್ದಿಯ ಕಾಗದವನ್ನು ಮಾತ್ರ ಓದಿದ ಕೂಡಲೆ ಹರಿಯಬೇಕು. ಉಳಿದವೆಲ್ಲ ಹೊಗೆ ಹಿಡಿದು, ಜಿರಲೆ ಕಚ್ಚಿ, ಅಲ್ಲೇ ಮುದಿಯಾಗುತ್ತವೆ.)

ಬಂಗಾರಕ್ಕ ನಮ್ಮೂರಿನವಳು. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಗದ್ದೆಬಯಲು ಅಷ್ಟೆ. ನಾನು ಚಡ್ಡಿ ಹಾಕುವುದನ್ನು ಕಲಿಯುವ ಮೊದಲೇ ನನ್ನನ್ನು ಬಲ್ಲವಳು. ಒಳಗೆ ಕರೆದು, ನೀರು ಬೆಲ್ಲ ಕೊಟ್ಟು ಕೇಳಿದೆ: "ಯಾವ ಹಂಡೆ ಬಂಗಾರಕ್ಕ?"

"ನಮ್ಮವ್ವನ ಹಂಡೆ. ತಪ್ಪಾತು ಅಂತ ತಂಗಿ ಚೌಡಿ ಬರ್ಸಿದ್ಲಲ್ಲ, ನೀವೇ ಓದಿದ್ರಿ. ಹದಿನೇಳು ಕಾಗದಾನೂ ಓದ್ದೆ. ಒಂದ್ರಾಗೂ ಹಂಡೆ ಇಲ್ಲ."

"ಯಾರು ಓದಿದ್ದು?"

"ನಾನೇ."

ಅಲ್ಲಿಯವರೆಗೆ ನಿಂತಿದ್ದ ನಾನು ಕುರ್ಚಿ ಎಳೆದುಕೊಂಡೆ.

ಕಥೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬಂಗಾರಕ್ಕನಿಗೆ ಒಬ್ಬಳೇ ತಂಗಿ, ಚೌಡಮ್ಮ. ಅಕ್ಕನನ್ನು ಶರಾವತಿಯ ಈಚೆಗೆ ಕೊಟ್ಟರು, ತಂಗಿಯನ್ನು ಆಚೆಗೆ, ಬ್ಯಾಕೋಡಿನ ಹತ್ತಿರ. ತವರುಮನೆ ನಡುವೆ, ಹೊಳೆಯ ದಂಡೆಯಲ್ಲೇ. ಹಬ್ಬಕ್ಕೊಮ್ಮೆ ಈಕೆ ನಡೆದು ಹೋಗುವಳು, ಆಕೆ ದೋಣಿ ದಾಟಿ ಬರುವಳು. ಅವ್ವನ ಬಚ್ಚಲಲ್ಲಿ ಒಂದು ದೊಡ್ಡ ತಾಮ್ರದ ಹಂಡೆ. ಇಬ್ಬರೂ ಆ ಹಂಡೆಯ ನೀರಲ್ಲೇ ಮಿಂದು ಬೆಳೆದವರು, ಅದೇ ನೀರಲ್ಲಿ ಬಾಣಂತನ ಮುಗಿಸಿದವರು.

ಆಮೇಲೆ ಅಣೆಕಟ್ಟು ಬಂತು. ಕರೆಂಟೂ ಬಂತು (ನಮಗಲ್ಲ, ಬೆಂಗಳೂರಿಗೆ). ನಮಗೆ ಬಂದದ್ದು ನೀರು.

ಅವ್ವ ಅದಕ್ಕೆ ಒಂದು ವರ್ಷ ಮೊದಲೇ ತೀರಿಹೋಗಿದ್ದಳು. ಮನೆ ಮುಳುಗುವ ಮೊದಲು ಹೊರಗೆ ತರಬೇಕಾದದ್ದು ಅಂತ ಉಳಿದದ್ದು ಹಂಡೆ ಒಂದೇ. ದೊಡ್ಡವಳು ನಾನು, ನನಗೆ ಅಂದಳು ಬಂಗಾರಕ್ಕ. ಕಡೇತನಕ ನೋಡ್ಕಂಡವಳು ನಾನು, ನನಗೆ ಅಂದಳು ಚೌಡಮ್ಮ. ಮಾತು ಬೆಳೆಯಿತು. ಒಂದು ಬೆಳಿಗ್ಗೆ ಚೌಡಮ್ಮ ಗಾಡಿಗೆ ಹೇರಿಸಿಕೊಂಡು ಹೊರಟೇಬಿಟ್ಟಳು. ಅವಳ ಹಿಂದೆಯೇ ನೀರು ಏರಿತು.

ಜಗಳ ಅರ್ಧಕ್ಕೇ ನಿಂತುಹೋಯಿತು. ಉಳಿದರ್ಧ ಆಡಲು ದಾರಿ ಎಲ್ಲಿ?

ದಾರಿ ಹೋದಮೇಲೆ ಕಾಗದ ಶುರುವಾಯಿತು. ಇಬ್ಬರಿಗೂ ಓದು ಬಾರದು, ಬರೆಯಲು ಬಾರದು. ಆಚೆ ದಡದಲ್ಲಿ ಶಾಲೆಯ ಮೇಷ್ಟ್ರೊಬ್ಬರು ಚೌಡಮ್ಮನ ಕಾಗದ ಬರೆದುಕೊಡುತ್ತಿದ್ದರು. ಈಚೆ ದಡದಲ್ಲಿ ಅದನ್ನು ಓದಿ, ಬಂಗಾರಕ್ಕನ ಉತ್ತರ ಬರೆದುಕೊಡುತ್ತಿದ್ದವನು ನಾನು. ಮೈಸೂರಿನಲ್ಲಿ ಫಿಲಾಸಫಿ ಎಂ.ಎ. ಮುಗಿಸಿ ಎರಡು ವರ್ಷ ಕೆಲಸ ಸಿಗದೆ ಊರಲ್ಲಿ ಕೂತಿದ್ದೆ. ಯಾವುದನ್ನೂ ಪುರಾವೆಯಿಲ್ಲದೆ ನಂಬಬಾರದು ಎಂದು ಕಲಿತು ಬಂದಿದ್ದೆ. ಆ ವಿದ್ಯೆಗೆ ಊರಲ್ಲಿ ಗಿರಾಕಿ ಇರಲಿಲ್ಲ. ಅಕ್ಷರಕ್ಕೆ ಇತ್ತು.

ಕಾಗದ ಓದುವುದೆಂದರೆ ಸುಮ್ಮನೆಯೇ? ಜಗಲಿಯಲ್ಲಿ ಹತ್ತು ಜನ ಕೂತಿರುತ್ತಾರೆ. ಒಬ್ಬರ ಕಾಗದ ಎಲ್ಲರ ಕಾಗದ. "ಇತ್ತ ಕ್ಷೇಮ, ಅತ್ತಲಾಗಿನ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರುವುದು" ಎಂದು ಮೇಷ್ಟ್ರು ಬರೆದದ್ದನ್ನು ಇದ್ದ ಹಾಗೇ ಓದಿದರೆ ಜನ ಮುಖ ಮುಖ ನೋಡುತ್ತಾರೆ. "ಅಷ್ಟೇನಾ? ಚೌಡಿ ಇಷ್ಟೇ ಮಾತಾಡೋ ಪೈಕಿ ಅಲ್ಲ" ಅನ್ನುತ್ತಾರೆ. ಆಗ ಓದುವವನು ಏನು ಮಾಡಬೇಕು? ಚೌಡಮ್ಮನ ದನಿಯಲ್ಲಿ ಓದಬೇಕು. ಕ್ಷೇಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಮ್ಮೆ ಕರು ಹಾಕಿರಬೇಕು, ಮಗಳು ಉದ್ದಕ್ಕೆ ಬೆಳೆದಿರಬೇಕು. ಇದಕ್ಕೆ ಸುಳ್ಳು ಅನ್ನುತ್ತೀರಾ? ನಾನು ವಿವರಣೆ ಅನ್ನುತ್ತಿದ್ದೆ.

ಹಾಗೆ ಒಂದು ದಿನ ಓದಿದ ಕಾಗದದಲ್ಲಿ ಚೌಡಮ್ಮ ಹೇಳಿದ್ದಳು: "ಹಂಡೆ ವಿಷಯದಲ್ಲಿ ತಪ್ಪು ನನ್ನದೇ. ಸಣ್ಣತನ ಮಾಡಿದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ."

ಬಂಗಾರಕ್ಕ ಸೆರಗಿಂದ ಮೂಗು ಒರೆಸಿಕೊಂಡು, "ಹೋಗ್ಲಿ ಬಿಡಿ, ಕಾಸ್ಕಂಡು ಮೀಯ್ಲಿ" ಅಂದಿದ್ದಳು. ಅಲ್ಲಿಗೆ ಜಗಳ ಮುಗಿಯಿತು. ನಾಲ್ಕು ವರ್ಷ ಶಾಂತಿ. ನನಗೂ ಸಾಗರದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಸಂತೆಗೆ ಬಂದಾಗ ಬಂಗಾರಕ್ಕ ಕಾಗದ ತರುವಳು, ನಾನು ಓದುವೆ, ಬರೆಯುವೆ.

ಕಳೆದ ವರ್ಷ ನಮ್ಮೂರಿಗೆ ಒಬ್ಬ ಗ್ರಾಮಸೇವಿಕೆ ಬಂದರು. ಮಧ್ಯಾಹ್ನದ ಹೊತ್ತು ಹೆಂಗಸರಿಗೆ ಅಕ್ಷರದ ಕ್ಲಾಸು. ಉದ್ಘಾಟನೆಗೆ ಯಾರನ್ನು ಕರೆದರು ಗೊತ್ತೇ? ಊರಿನ ಹೆಮ್ಮೆಯ ಎಂ.ಎ.ಯನ್ನು. ನಾನೂ ಬಿಡಲಿಲ್ಲ. "ಜ್ಞಾನ ಎಂದರೆ ಬಿಡುಗಡೆ! ಇನ್ನು ನೀವು ಯಾವ ಮಧ್ಯವರ್ತಿಯ ಕಾಲಿಗೂ ಬೀಳಬೇಕಾಗಿಲ್ಲ! ನಿಮ್ಮ ಕಾಗದ ನೀವೇ ಓದಬಹುದು!" ಎಂದು ಮೇಜು ಗುದ್ದಿದೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಲ್ಲಿ ಸ್ಲೇಟು ಹಿಡಿದು ಕೂತವಳು ಬಂಗಾರಕ್ಕ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳೂ ಅವಳೇ.

ಈಗ ಅದೇ ಬಂಗಾರಕ್ಕ ತಂತಿಯಿಂದ ಕಾಗದಗಳನ್ನು ಒಂದೊಂದಾಗಿ ಬಿಡಿಸಿ ನನ್ನ ಮೇಜಿನ ಮೇಲೆ ಹರಡಿದಳು.

"ಇಲ್ಲ ಬಂಗಾರಕ್ಕ, ಇದ್ದೇ ಇತ್ತು. ನನಗೆ ಚೆನ್ನಾಗಿ ನೆನಪಿದೆ. ನೇರಳೆ ಶಾಯಿ. ಮೂರನೇ ಸಾಲು. 'ಸಣ್ಣತನ' ಅನ್ನುವ ಶಬ್ದ ಸ್ವಲ್ಪ ಕದಡಿತ್ತು ಕೂಡ."

"ನೇರಳೆ ಶಾಯಿ ಯಾವ್ದು? ಎಲ್ಲಾ ನೀಲಿ."

ಹೌದು. ಹದಿನೇಳೂ ನೀಲಿ.

"ಒಂದು ಕಾಗದ ಕಳೆದಿರಬಹುದು."

"ನಮ್ಮನೇಲಿ ಕಾಗದ ಕಳ್ಯಲ್ಲ. ಬಂದಿದ್ದೇ ಹದಿನೇಳು."

ನಾನು ನೋಡಿದೆ. ನಿಜವಾಗಿ ನೋಡಿದೆ. ಆ ಸಾಲು ನನ್ನ ಕಣ್ಣ ಮುಂದೆ ಈಗಲೂ ಇದೆ, ಶಾಯಿಯ ಸಮೇತ. ಆದರೆ ಕಾಗದದ ಮೇಲೆ ಇಲ್ಲ. ಪ್ರತಿಯೊಂದರಲ್ಲೂ ಇತ್ತ ಕ್ಷೇಮ, ಅತ್ತ ಕ್ಷೇಮ. ಎಮ್ಮೆಯೂ ಇಲ್ಲ. ಜಗತ್ತನ್ನೆಲ್ಲ ಸಂಶಯಿಸಲು ಕಲಿತವನು ನನ್ನ ನೆನಪೊಂದನ್ನು ಮಾತ್ರ ಪರೀಕ್ಷೆಗೆ ಕೂರಿಸಿರಲಿಲ್ಲ. ಆ ದಿನ ಕೂರಿಸಿದ್ದು ಒಂದನೇ ತರಗತಿಯನ್ನೂ ಕಾಣದ ಹೆಂಗಸು. ಅದು ಫೇಲಾಯಿತು.

"ಹಂಗಾರೆ ಚೌಡಿ ತಪ್ಪು ಒಪ್ಕಂಡೇ ಇಲ್ಲ," ಅಂದಳು ಬಂಗಾರಕ್ಕ. ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಹತ್ತು ದಿನಕ್ಕೆ ಅವ್ಳ ಮಗಳ ಮದುವೆ. ಹುಡುಗೀಗೆ ಎಣ್ಣೆ ಹಚ್ಚಿ ಮೊದ್ಲು ನೀರು ಹಾಕೋಳು ನಾನು, ದೊಡ್ಡಮ್ಮ. ಅದೇ ಹಂಡೆ ನೀರು. ಎಂತ ಮುಖ ಹೊತ್ಕಂಡು ಹಾಕ್ಲಿ? ನಾನು ಹೋಗಲ್ಲ."

"ಹಾಗೆಲ್ಲ ಹೇಳಬೇಡ."

"ತವರು ಅಂತ ಇದ್ದಿದ್ದು ಅವಳೊಬ್ಳು. ಅದೂ ನೀವು ಕಟ್ಟಿದ್ದು ಅಂತಾತು."



ಹೋದ ತಿಂಗಳು ಹೊಸನಗರದ ಒಂದು ಸಭೆಯಲ್ಲಿ ನಾನು ಮಾತಾಡಿದ್ದನ್ನು ಇದೇ ಅಂಕಣದಲ್ಲಿ ಬರೆದಿದ್ದೆ, ನೆನಪಿರಬಹುದು (ನಿಮಗೆ ಇರಬಹುದು, ನನ್ನದನ್ನು ನಾನಿನ್ನು ನಂಬುವುದಿಲ್ಲ). ವಿಜ್ಞಾನ ಬಂದಮೇಲೆ ಪಂಚಾಂಗದವರು, ಬೇರು ನಾರಿನ ವೈದ್ಯರು, ಜಮೀನಿನ ಗಡಿ ಬಾಯಲ್ಲೇ ಹೇಳುವ ಮುದುಕರು ಎಲ್ಲ ಅಂಗಡಿ ಮುಚ್ಚಬೇಕಾಗುತ್ತದೆ, ಮುಚ್ಚಲಿ ಬಿಡಿ ಎಂದಿದ್ದೆ. ತೀರ್ಥಹಳ್ಳಿಯ ಹಿರಿಯ ಓದುಗರೊಬ್ಬರು ಒಂದು ಕಾರ್ಡು ಹಾಕಿದ್ದರು: "ನಿಮ್ಮ ಅಂಗಡಿ ಮುಚ್ಚುವ ದಿನ ತಿಳಿಸಿ, ಹಾರ ತರುತ್ತೇನೆ." ನಾನು ನಕ್ಕು ಬದಿಗಿಟ್ಟಿದ್ದೆ. ನನ್ನದೂ ಒಂದು ಅಂಗಡಿ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ.

"ಬಾ, ಮೇಷ್ಟ್ರನ್ನೇ ಕೇಳೋಣ" ಎಂದೆ. ಬರೆದವನನ್ನು ಕೇಳದೆ ತೀರ್ಮಾನಿಸಬಾರದು. ಇದು ಫಿಲಾಸಫಿ. ನನ್ನ ತಪ್ಪನ್ನು ಆ ಮೇಷ್ಟ್ರ ತಲೆಗೆ ಕಟ್ಟಬಹುದೇನೋ ಎಂಬ ಆಸೆ. ಇದು ನಾನು.

ಮರುದಿನ ಬಸ್ಸಿನಲ್ಲಿ ಹೊಳೆಯ ತನಕ, ಅಲ್ಲಿಂದ ಲಾಂಚ್. ಲಾಂಚ್ ಬಂದು ಬಹಳ ದಿನವಾಗಿಲ್ಲ. ಬಂಗಾರಕ್ಕ ಅದನ್ನು ಹತ್ತಿದ್ದು ಅದೇ ಮೊದಲು. ಸೈಕಲ್ಲುಗಳು, ಎರಡು ಆಡು, ಒಂದು ಹೊಲಿಗೆ ಮೆಷಿನ್, ಅದರ ಮೇಲೆ ಕೂತ ಅದರ ಯಜಮಾನ. ನಡುನೀರಿಗೆ ಬಂದಾಗ ಬಂಗಾರಕ್ಕ ಕಂಬಿ ಹಿಡಿದು ಕೆಳಗೆ ಬಗ್ಗಿದಳು.

"ಇಲ್ಲೇ ನಮ್ಮನೆ. ಈಗ ಅಂಗಳದ ಮ್ಯಾಲೆ ಹೋಗ್ತಿದೀವಿ."

"ಹೇಗೆ ಗೊತ್ತು?" ಬಾಯಿ ಸುಮ್ಮನಿರಬೇಕಲ್ಲ.

"ಆ ಗುಡ್ಡದ ನೆತ್ತಿ ನೋಡಿ, ಈ ಗುಡ್ಡದ ನೆತ್ತಿ ನೋಡಿ. ಎರಡೂ ಒಟ್ಟಿಗೆ ಕಾಣ್ತಿದ್ದುದು ನಮ್ಮ ಅಂಗಳದಿಂದ ಮಾತ್ರ."

ನಾನು ಎರಡೂ ಗುಡ್ಡ ನೋಡಿದೆ. ಪಕ್ಕದಲ್ಲಿದ್ದ ಹೊಲಿಗೆ ಮೆಷಿನ್ನಿನವನೂ ನೋಡಿ, ಯಾಕೋ ಟೋಪಿ ತೆಗೆದ. ಇದಕ್ಕೆ ಪುರಾವೆ ಕೇಳಲು ನನಗೆ ಮನಸ್ಸಾಗಲಿಲ್ಲ.

ಆಚೆ ದಡ ಇಳಿದು, ತುಮರಿ ಊರು ಹಾದು, ಮೇಷ್ಟ್ರ ಮನೆ ಮುಟ್ಟಿದಾಗ ಅವರು ಊಟ ಮುಗಿಸಿ ಅಡಿಕೆ ಕತ್ತರಿಸುತ್ತಿದ್ದರು. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಶುದ್ಧ ಕನ್ನಡ, ದಪ್ಪ ಕನ್ನಡಕ.

"ಚೌಡಮ್ಮ ಹಂಡೆ ಬಗ್ಗೆ ಏನಾದರೂ ಬರೆಸಿದ್ದಳಾ ಮೇಷ್ಟ್ರೇ?"

"ಹಂಡೆಯೇ? ಮೊದಮೊದಲು ಪ್ರತಿ ಸಲವೂ ಹೇಳುತ್ತಿದ್ದಳಲ್ಲ!"

ನನಗೆ ಹೋದ ಜೀವ ಬಂತು. ಬಂಗಾರಕ್ಕನ ಮುಖವೂ ಅರಳಿತು.

"ಏನಂತ ಹೇಳುತ್ತಿದ್ದಳು?"

ಮೇಷ್ಟ್ರು ಬಂಗಾರಕ್ಕನ ಕಡೆ ನೋಡಿ, ನನ್ನ ಕಡೆ ಬಗ್ಗಿ, ದನಿ ತಗ್ಗಿಸಿದರು. "ಬೈಗುಳ ಸ್ವಾಮಿ. ಶುದ್ಧ ಬೈಗುಳ. ಅವ್ವ ಮಲಗಿದಲ್ಲೇ ಆದಾಗ ಒಂದು ದಿನ ಬಂದು ನೋಡದವಳಿಗೆ ಹಂಡೆ ಯಾಕೆ ಅಂತ. ಕಾರ್ಡಿನಲ್ಲಿ ಇದನ್ನೆಲ್ಲ ಬರೆಯಲಾಗುತ್ತದೆಯೇ? ಪೋಸ್ಟ್‌ಮ್ಯಾನ್ ಓದುತ್ತಾನೆ. ನಾನು ಸಾರಾಂಶ ಬರೆಯುತ್ತಿದ್ದೆ."

"ಸಾರಾಂಶ ಏನು?"

"ಇತ್ತ ಕ್ಷೇಮ."

ನೋಡಿ, ಓದುಗರೇ. ಆಚೆಯ ವಿದ್ಯಾವಂತ ಬೈಗುಳವನ್ನು ಕ್ಷೇಮ ಮಾಡಿದ. ಈಚೆಯ ವಿದ್ಯಾವಂತ ಕ್ಷೇಮವನ್ನು ಕ್ಷಮೆ ಮಾಡಿದ. ಇಬ್ಬರೂ ಸೇರಿ ನಾಲ್ಕು ವರ್ಷ ಶಾಂತಿ ಕಾಪಾಡಿದೆವು. ಸಾಲದೆಂದು ಒಬ್ಬ ಶಾಲೆ ನಡೆಸುತ್ತಿದ್ದ, ಇನ್ನೊಬ್ಬ ಅಕ್ಷರದ ಕ್ಲಾಸು ಉದ್ಘಾಟಿಸುತ್ತಿದ್ದ.

ದನಿ ತಗ್ಗಿಸಿದ್ದು ಬಂಗಾರಕ್ಕನಿಗೆ ಕೇಳದೆ ಇರುತ್ತದೆಯೇ? ಎದ್ದು ನಡೆದೇಬಿಟ್ಟಳು. ನಾವಿಬ್ಬರೂ ಹಿಂದೆ ಓಡಿದೆವು. ಹಿಂದಕ್ಕೆ ಲಾಂಚಿಗೆ ಹೋಗುತ್ತಾಳೆ ಅಂದುಕೊಂಡರೆ ಹೋದದ್ದು ನೇರ ಚೌಡಮ್ಮನ ಮನೆಗೆ.

ಚೌಡಮ್ಮ ಅಂಗಳದಲ್ಲಿ ಮದುವೆಯ ಅಕ್ಕಿ ಕೇರುತ್ತಿದ್ದಳು. ಅಕ್ಕನನ್ನು ಕಂಡು ಮೊರ ಕೆಳಗಿಟ್ಟಳು. ಐದು ವರ್ಷದ ಮೇಲೆ ಮುಖ ನೋಡುತ್ತಿದ್ದಾರೆ. "ಅಕ್ಕಾ, ಬಂದ್ಯಾ!" ಎಂದು ಓಡಿ ಬಂದು ಅಪ್ಪಿಕೊಂಡಳು. ಬಂಗಾರಕ್ಕ ಕಂಬದ ಹಾಗೆ ನಿಂತಿದ್ದಳು.

"ನೀನು ತಪ್ಪಾತು ಅಂದಿದ್ದು ಸುಳ್ಳಂತೆ ಹೌದನೇ?"

ಚೌಡಮ್ಮ ಕೈ ಬಿಟ್ಟಳು. "ನಾನಾ? ನಾನ್ಯಾಕೆ ಅನ್ಲಿ? ತಪ್ಪಾತು ಅಂತ ಬರ್ಸಿದ್ದು ನೀನು!"

"ನಾನಾ?"

"ತಾಳು, ತರ್ತೀನಿ."

ಒಳಗಿಂದ ಅವಳೂ ಒಂದು ತಂತಿ ತಂದಳು. ಅದರ ಬುಡದಿಂದ ಒಂದು ಕಾಗದ ಕಿತ್ತು ಮೇಷ್ಟ್ರ ಕೈಗೆ ಕೊಡಲು ಹೋದಳು. ಬಂಗಾರಕ್ಕ ನಡುವೆಯೇ ಕಸಿದುಕೊಂಡಳು. ಅಂಗಳದ ನಡುವೆ ನಿಂತು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಹಂ... ಡೆ... ವಿ... ಷ... ಯ... ದಲ್ಲಿ... ತ... ಪ್ಪು... ನನ್ನದೇ."

ನನ್ನ ಅಕ್ಷರ. ನೇರಳೆ ಶಾಯಿ. ಮೂರನೇ ಸಾಲು. 'ಸಣ್ಣತನ' ಸ್ವಲ್ಪ ಕದಡಿತ್ತು.

ಹಾಗಾದರೆ ನನ್ನ ನೆನಪು ಸುಳ್ಳು ಹೇಳಿರಲಿಲ್ಲ. ಶಾಯಿ ಸರಿ, ಸಾಲು ಸರಿ, ಕದಡಿದ್ದೂ ಸರಿ. ಕೈ ಯಾರದು ಎಂಬುದೊಂದನ್ನು ಮಾತ್ರ ಅದು ಸದ್ದಿಲ್ಲದೆ ಬದಲಾಯಿಸಿತ್ತು. ನಾನು ಬರೆದದ್ದನ್ನು ನಾನು ಓದಿದ್ದು ಎಂದು ಇಟ್ಟುಕೊಂಡಿತ್ತು. ಒಂದೇ ವಾಕ್ಯವನ್ನು ಈಚೆ ತಂಗಿಯ ಬಾಯಲ್ಲಿ ಓದಿ, ಆಚೆ ಅಕ್ಕನ ಬಾಯಲ್ಲಿ ಬರೆದು ಕಳಿಸಿದ್ದೆ. ಯಾವುದು ಮೊದಲು? ಗೊತ್ತಿಲ್ಲ. ಎಂದು ಮಾಡಿದೆ? ಗೊತ್ತಿಲ್ಲ. ಒಳ್ಳೆಯದಕ್ಕೇ ಮಾಡಿರಬೇಕು. ಅದೂ ಸರಿಯಾಗಿ ಗೊತ್ತಿಲ್ಲ. ಜಗಲಿಯಲ್ಲಿ ಕೂತವರು ಚೆನ್ನಾಗಿ ಅಳಲಿ ಎಂದೂ ಇರಬಹುದು.

ಅಕ್ಕತಂಗಿಯರಿಬ್ಬರೂ ನನ್ನ ಕಡೆ ತಿರುಗಿದರು. ಐದು ವರ್ಷದಲ್ಲಿ ಅವರು ಒಟ್ಟಾಗಿ ಮಾಡಿದ ಮೊದಲ ಕೆಲಸ ಅದು.

"ನಾನು ಹೇಳಿದ್ನಾ ಸಣ್ಣಯ್ಯ ಹಿಂಗೆ ಬರೀರಿ ಅಂತ?"

"ನನ್ನ ಬಾಯಿಗೆ ಮಾತು ಇಡಕ್ಕೆ ಇವ್ರ್ಯಾರೇ ಅಕ್ಕ?"

"ಓದಿದ್ದು ಜಾಸ್ತಿ ಆದ್ರೆ ಹಿಂಗೇಯ."

ಮೇಷ್ಟ್ರು ಮೆಲ್ಲಗೆ ಅಂಗಳದ ಅಂಚಿಗೆ ಜಾರಿದರು. "ಮೇಷ್ಟ್ರೇ, ನೀವೂ ನಿಲ್ಲಿ!" ಎಂದಳು ಚೌಡಮ್ಮ. ನಿಂತರು.

ನಮ್ಮಿಬ್ಬರ ವಿಚಾರಣೆ ಬೇಗ ಮುಗಿಯಿತು. ನಿಜವಾದ ಕೆಲಸ ಬಾಕಿಯಿತ್ತು. ಐದು ವರ್ಷದ ಹಿಂದೆ ಅರ್ಧಕ್ಕೆ ನಿಂತ ಜಗಳ ನಿಂತ ಜಾಗದಿಂದಲೇ ಎದ್ದಿತು. ಒಂದು ಮಾತೂ ಬಿಟ್ಟುಹೋಗಿರಲಿಲ್ಲ. ಅವ್ವ ಮಲಗಿದಾಗ ಯಾಕೆ ಬರಲಿಲ್ಲ? ಬಾಣಂತಿಯಾಗಿದ್ದೆ ಕಣೇ, ನೀನು ಹೇಳಿ ಕಳಿಸಿದ್ಯಾ? ಹೇಳಿ ಕಳಿಸಿದ್ದೆ, ದೋಣಿಯವನ ಕೈಲಿ. ಯಾವ ದೋಣಿಯವ? ನಂಗೆ ಯಾರೂ ಹೇಳ್ಲಿಲ್ಲ. ಹೇಳ್ಲಿಲ್ವಾ? ಇಲ್ಲ, ದೇವ್ರಾಣೆ ಹೇಳ್ಲಿಲ್ಲ.

ಚೌಡಮ್ಮ ಅಕ್ಕನ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು.

(ಅಕ್ಷರ ಬರುವ ಮೊದಲೇ ಮಧ್ಯವರ್ತಿಗಳಿದ್ದರು, ನೋಡಿ. ಆ ದೋಣಿಯವನು ಎಲ್ಲಿದ್ದಾನೋ.)

ಆಮೇಲೆ ಮತ್ತೆ ಶುರುವಾಯಿತು. ಆದರೆ ಈಗ ಸ್ವರ ಬೇರೆ. ನಡುವೆ ನಗು ಬರುತ್ತಿತ್ತು, ಅಳು ಬರುತ್ತಿತ್ತು, ಒಬ್ಬಳ ಎಲೆ ಅಡಿಕೆಯ ಚೀಲಕ್ಕೆ ಇನ್ನೊಬ್ಬಳು ಕೈ ಹಾಕುತ್ತಿದ್ದಳು. ಮದುವೆಯ ಹುಡುಗಿ ಬಾಗಿಲಿಗೆ ಬಂದು ಕೇಳಿದಳು: "ದೊಡ್ಡಮ್ಮ, ಇವತ್ತು ಇರ್ತೀರಾ, ಹೋಗ್ತೀರಾ? ಅನ್ನಕ್ಕೆ ಎಷ್ಟು ಅಕ್ಕಿ ಹಾಕ್ಲಿ?"

 ಬಂದದ್ದೇ ಈ ಪ್ರಶ್ನೆಗೆ ಉತ್ತರಕ್ಕೆ.

ಬಂಗಾರಕ್ಕ ಅವಳ ಕಡೆ ತಿರುಗಿಯೂ ನೋಡದೆ ಹೇಳಿದಳು: "ಹೋಗೋದು ಎಲ್ಲಿಗೆ? ನಿಮ್ಮವ್ವನ ಹತ್ರ ಮಾತು ಇನ್ನೂ ಅರ್ಧ ಆಗಿಲ್ಲ. ಮದುವೆ ಮುಗ್ಸೇ ಹೋಗೋದು. ಇವ್ರಿಗೂ ಒಂದು ಪಾವು ಹಾಕು, ಹಸ್ಕಂಡಿದ್ದಾರೆ."

ಇವರು ಎಂದರೆ ನಾನು, ಮೇಷ್ಟ್ರು. ಜಗಲಿಯ ತುದಿಯಲ್ಲಿ ಇಬ್ಬರೂ ಪಕ್ಕಪಕ್ಕ ಕೂತು ಉಂಡೆವು. ನಾಲ್ಕು ವರ್ಷ ಒಬ್ಬರ ಕೈಬರಹ ಇನ್ನೊಬ್ಬರು ಓದಿದವರು, ಮುಖಾಮುಖಿ ಅದೇ ಮೊದಲು. "ನಿಮ್ಮ ಭಾಷೆ ಚೆನ್ನಾಗಿತ್ತು ಸ್ವಾಮಿ," ಅಂದರು ಮೇಷ್ಟ್ರು. "ಓದಿ ಹೇಳುವಾಗ ನಾನೇ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದೆ."  ಥ್ಯಾಂಕ್ಸ್ ಅಂದೆ.

ಮದುವೆ ಆಯಿತು. ಹುಡುಗಿಗೆ ಬಂಗಾರಕ್ಕನೇ ಎಣ್ಣೆ ಹಚ್ಚಿ ನೀರು ಹಾಕಿದಳು. ನಾನು ಹೋಗಿರಲಿಲ್ಲ. ಕರೆದಿದ್ದರು. ಧೈರ್ಯವಾಗಲಿಲ್ಲ.

ಈಗ ನನ್ನ ಸಂಕಟ ಬೇರೆ. ನಮ್ಮೂರಲ್ಲಿ ನಾನು ಕಾಗದ ಓದಿದ್ದು ಬಂಗಾರಕ್ಕನ ಮನೆಗೊಂದಕ್ಕೇ ಅಲ್ಲ. ಯಾರಿಗೆ ಏನು ಓದಿದೆ? ಯಾವ ಮಾವನ ಸಿಟ್ಟನ್ನು ತಣ್ಣಗೆ ಮಾಡಿದೆ? ಯಾವ ಸೊಸೆಯನ್ನು ಹೊಗಳಿಸಿದೆ? ಒಂದೂ ನೆನಪಿಲ್ಲ. ನೆನಪಿದ್ದರೂ ಅದು ನಿಜವೆಂದು ಹೇಗೆ ನಂಬಲಿ? ಗ್ರಾಮಸೇವಿಕೆ ಮೊನ್ನೆ ಸಿಕ್ಕಿ ಬಹಳ ಸಂತೋಷದಿಂದ ಹೇಳಿದರು: "ಸಾರ್, ಕ್ಲಾಸಿಗೆ ಈಗ ಹೆಂಗಸರು ಪಾಠದ ಪುಸ್ತಕ ತರ್ತಾ ಇಲ್ಲ, ಮನೆಯಿಂದ ತಂತಿ ತರ್ತಿದ್ದಾರೆ!" ಅಕ್ಷರಕ್ರಾಂತಿ ಎಂದರೆ ಇದೇ ಇರಬೇಕು. ಇನ್ನು ಕೆಲವು ತಿಂಗಳು ಊರಿಗೆ ಹೋಗದಿರುವುದು ಒಳ್ಳೆಯದು ಎಂದುಕೊಂಡಿದ್ದೇನೆ.

ವಾದ ಮಾಡಬಹುದು. ಸುಳ್ಳಿನ ಶಾಂತಿಗಿಂತ ನಿಜದ ಜಗಳ ಮೇಲು ಎನ್ನಬಹುದು. ನಾನು ಕ್ಲಾಸಿನಲ್ಲಿ ಹಾಗೆಂದೇ ಹೇಳುತ್ತೇನೆ. ಆದರೆ ಆ ನಾಲ್ಕು ವರ್ಷ ನಡುವೆ ನೀರಿದ್ದು, ದಾಟಲು ಲಾಂಚಿಲ್ಲದೆ, ಓದಲು ಅಕ್ಷರವಿಲ್ಲದೆ, ಕಾರ್ಡಿನ ತುಂಬ ಬರೀ ಬೈಗುಳ ಹೋಗಿ ಬಂದಿದ್ದರೆ? ಚೌಡಮ್ಮ ಓಡಿ ಬಂದು ಅಪ್ಪಿಕೊಳ್ಳುತ್ತಿದ್ದಳೇ? ಗೊತ್ತಿಲ್ಲ. ಇತ್ತೀಚೆಗೆ ಈ ಶಬ್ದವನ್ನು ಹೆಚ್ಚು ಬಳಸುತ್ತಿದ್ದೇನೆ. ಎಂ.ಎ.ಯಲ್ಲಿ ಕಲಿಸಿದ್ದರು, ಆಗ ಅರ್ಥವಾಗಿರಲಿಲ್ಲ.

ನಿನ್ನೆ ಸಂತೆಗೆ ಬಂದ ಬಂಗಾರಕ್ಕ ನಮ್ಮ ಮನೆಗೂ ಬಂದಳು. ಸಿಟ್ಟಿಲ್ಲ. ಮದುವೆಯ ಉಂಡೆ ಕೊಟ್ಟಳು. ಆಮೇಲೆ ಸೊಂಟದಿಂದ ಒಂದು ಇನ್‌ಲ್ಯಾಂಡ್ ಲೆಟರ್ ತೆಗೆದಳು. ಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ, ಅವಳದೇ ಕೈಯಲ್ಲಿ, ತಂಗಿಯ ಹೆಸರು.

"ಪೆಟ್ಟಿಗೆಗೆ ಹಾಕಿ ಸಣ್ಣಯ್ಯ. ನಂಗೆ ಬಸ್ಸಿಗೆ ಹೊತ್ತಾತು."

"ಅಲ್ಲಿ ಓದುವುದು ಯಾರು? ಮೇಷ್ಟ್ರಾ?"

"ಯಾರೂ ಇಲ್ಲ. ಚೌಡೀನೂ ಸ್ಲೇಟು ತಗಂಡಾಳೆ. ಕಲಿಯೋವರ್ಗೂ ಬಂದ ಕಾಗದ ಬಿಚ್ಚದೆ ಹಂಗೇ ತಂತಿಗೆ ಹಾಕ್ತಾಳಂತೆ. ಮಾತಾಗೈತೆ."

"ಒಂದು ಸಲ ನೋಡಿಕೊಡಲಾ? ಕಾಗುಣಿತ ಗಿಗುಣಿತ..."

ಬಂಗಾರಕ್ಕ ನನ್ನನ್ನು ನೋಡಿದಳು. ನಕ್ಕಳು. ಹೊರಟುಹೋದಳು.

ಕಾಗದದ ಮೂರು ಅಂಚಿಗೂ ಗೋಂದು ಸಾಲದೆಂದು ಅನ್ನ ತಿಕ್ಕಿ ಅಂಟಿಸಿದ್ದಳು. ಅಂಚೆಪೆಟ್ಟಿಗೆಯ ಮುಂದೆ ನಿಂತು, ಆಚೀಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅದನ್ನು ಬಿಸಿಲಿಗೆ ಹಿಡಿದು ನೋಡಿದೆ. ಒಂದಕ್ಷರವೂ ಕಾಣಲಿಲ್ಲ.

ಬಂಗಾರಕ್ಕ ಬರೆಯುವುದನ್ನಷ್ಟೇ ಅಲ್ಲ, ಮಡಚುವುದನ್ನೂ ಕಲಿತಿದ್ದಾಳೆ.